ಮಾತಿನಮಲ್ಲನ ಮಗಳು

ಮಾತಿನಮಲ್ಲ ಅನ್ನುವುದು ಅವನ ಹೆಸರಲ್ಲ. ಆದರೆ ನಮ್ಮ ಸಲೂನಿಗೆ ಬರುವ ಯಾರನ್ನಾದರೂ ಅವನ ನಿಜವಾದ ಹೆಸರು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ಅಂಗಡಿಯಲ್ಲಿರುವುದು ಎರಡೇ ಕುರ್ಚಿ. ಬಾಗಿಲ ಹತ್ತಿರದ್ದು ಅವನದು, ಒಳಗಿನದು ನನ್ನದು. ಯಜಮಾನ ಅವನೇ ಆದರೂ ವಯಸ್ಸಿನಲ್ಲಿ ನಾನು ದೊಡ್ಡವನು. ಹಾಗಾಗಿ ಅವನು ನನ್ನನ್ನು ‘ಅಣ್ಣ’ ಅನ್ನುತ್ತಾನೆ, ನಾನು ಅವನನ್ನು ‘ಲೇ ಮಲ್ಲ’ ಅನ್ನುತ್ತೇನೆ. ಇಷ್ಟು ವರ್ಷ ಒಂದೇ ಗೋಡೆಗೆ ಮುಖ ಮಾಡಿ ನಿಂತು ದುಡಿದವರ ನಡುವೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಬೇಕಿಲ್ಲ.

ನನಗೆ ಮಾತು ಕಂಡರಾಗದು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನಂಬಿದವನು ನಾನು. ಕೆಲಸದ ಹೊತ್ತಿನಲ್ಲಿ ಕತ್ತರಿಯ ಸದ್ದು ಬಿಟ್ಟು ಬೇರೆ ಸದ್ದು ಯಾಕೆ ಬೇಕು ಹೇಳಿ. ಕೆಲವರು ಅದನ್ನೇ ಇಷ್ಟಪಟ್ಟು ನನ್ನ ಕುರ್ಚಿಗೆ ಬರುತ್ತಾರೆ, ಕಣ್ಣು ಮುಚ್ಚಿ ಕೂರುತ್ತಾರೆ, ಎದ್ದು ಹೋಗುತ್ತಾರೆ. ಉಳಿದವರೆಲ್ಲ ಮಲ್ಲನ ಕಡೆಯವರು. ಅವನ ಕುರ್ಚಿಯಲ್ಲಿ ಕೂತವರಿಗೆ ಕೂದಲು ಹೋದದ್ದೇ ಗೊತ್ತಾಗುವುದಿಲ್ಲ. ಮದುವೆಯಾಗದವರಿಗೆ ಮದುವೆಯ ಮಾತು, ಆದವರಿಗೆ ಸಮಾಧಾನದ ಮಾತು. ಎದುರಿನ ಔಷಧಿ ಅಂಗಡಿಯ ಯಜಮಾನರ ತಲೆ ನುಣ್ಣಗೆ ಹೊಳೆಯುತ್ತದೆ, ಕಿವಿಯ ಮೇಲೆ ಎರಡು ಗೆರೆ ಕೂದಲು ಉಳಿದಿದೆ, ಅಷ್ಟೆ. ಅವರಿಗೂ ಮಲ್ಲ, “ಸಾರ್, ಈ ಸಲ ಸ್ವಲ್ಪ ದಟ್ಟ ಆದ ಹಾಗಿದೆ ಅಲ್ವಾ?” ಅನ್ನುತ್ತಾನೆ. ಅವರು ನಾಚಿಕೊಂಡು, “ಹೌದೇನ್ರಿ?” ಅನ್ನುತ್ತಾರೆ. ನಾನು ನನ್ನ ಗಿರಾಕಿಯ ಕುತ್ತಿಗೆ ನೋಡುತ್ತಾ ನಗು ನುಂಗಿಕೊಳ್ಳುತ್ತೇನೆ.

ಮಕ್ಕಳ ವಿಷಯಕ್ಕೆ ಬಂದರೆ ಅವನನ್ನು ಮೀರಿಸುವವರಿಲ್ಲ, ಅದನ್ನು ಒಪ್ಪಲೇಬೇಕು. ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು ಮಗುವನ್ನು ಕೂರಿಸುತ್ತಾನೆ. ಮಗು ಅಳಲು ಬಾಯಿ ತೆರೆಯುತ್ತಿದ್ದಂತೆ ಕುರ್ಚಿಯನ್ನು ಗರ್ರನೆ ತಿರುಗಿಸಿ ಕನ್ನಡಿಗೆ ಮುಖ ಮಾಡಿಸುತ್ತಾನೆ. ಎರಡೂ ಕೈಯಲ್ಲಿ ತಲೆ ಹಿಡಿದು, “ಅಯ್ಯಯ್ಯೋ, ಯಾರಪ್ಪಾ ಇದು ಕೆಂಪು ಮೂಗಿನ ಮಾವ? ನಮ್ಮ ಅಂಗಡಿಗೆ ಯಾವಾಗ ಬಂದ್ರಿ ಮಾವ?” ಅಂತ ಶುರು ಮಾಡುತ್ತಾನೆ. ಮಗು ತನ್ನ ಮುಖವನ್ನೇ ಕಂಡು ಬೆಪ್ಪಾಗಿ, ಆಮೇಲೆ ಕಿಸಕ್ಕನೆ ನಗುತ್ತದೆ. ಆ ನಗು ಮುಗಿಯುವಷ್ಟರಲ್ಲಿ ಹಿಂಗತ್ತಿನ ಕೆಲಸ ಮುಗಿದಿರುತ್ತದೆ. ಊರಿನ ಮಕ್ಕಳೆಲ್ಲ ಹೀಗೇ ಅವನ ಕೈಯಲ್ಲಿ ತಲೆ ಕೊಟ್ಟು ದೊಡ್ಡವರಾದವರು.

ಅವನ ಸ್ವಂತ ಮಗಳ ಹತ್ತಿರ ಮಾತ್ರ ಈ ಆಟ ನಡೆಯಲಿಲ್ಲ.

ಅವಳನ್ನು ಎಲ್ಲರೂ ಕರೆಯುವುದು ಬುಗುರಿ ಅಂತ. ಒಂಬತ್ತು ವರ್ಷದವಳು. ತಾಯಿ ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಯ ಕಾಲರ್ ಹೊಲಿಯುವ ಸಾಲಿನಲ್ಲಿ ಕೆಲಸ ಮಾಡುತ್ತಾಳೆ, ಮನೆಗೆ ಬರುವುದು ಸಂಜೆ ಕಳೆದ ಮೇಲೆ. ಅವರ ಮನೆ ಅಂಗಡಿಯ ಮೇಲೆಯೇ ಇರುವ ಎರಡು ಕೋಣೆ. ಶಾಲೆ ಬಿಟ್ಟವಳು ನೇರ ಅಂಗಡಿಗೆ ಬರುತ್ತಾಳೆ. ಬರುತ್ತಾಳೆ ಅನ್ನುವುದು ಸಣ್ಣ ಮಾತಾಯಿತು, ನುಗ್ಗುತ್ತಾಳೆ. ಒಂದು ಚಪ್ಪಲಿ ಹೊಸ್ತಿಲ ಹೊರಗೆ, ಇನ್ನೊಂದು ನನ್ನ ಕುರ್ಚಿಯ ಕೆಳಗೆ. ನೀರಿನ ಬಾಟಲಿ ಶಾಲೆಯಲ್ಲೇ. ಖಾಲಿ ಕುರ್ಚಿ ಕಂಡರೆ ಹತ್ತಿ ಸುತ್ತುತ್ತಾಳೆ. ಪ್ರಶ್ನೆ ಕೇಳುತ್ತಾಳೆ, ಉತ್ತರ ಬರುವ ಹೊತ್ತಿಗೆ ಇನ್ನೊಂದು ಪ್ರಶ್ನೆಯಲ್ಲಿರುತ್ತಾಳೆ. ನನ್ನನ್ನು ‘ತಾತ’ ಅನ್ನುತ್ತಾಳೆ. “ಯಾರೇ ತಾತ? ಮಾಮ ಅನ್ನು” ಅಂದರೆ, ನನ್ನ ತಲೆಯನ್ನೇ ದಿಟ್ಟಿಸಿ, “ಬಣ್ಣ ಹಚ್ಕೊಂಡ್ರೆ ಅಂತೀನಿ” ಅನ್ನುತ್ತಾಳೆ. ಎಂಥಾ ಬಾಯಿ! ಅಪ್ಪನ ಮಗಳೇ.

ಇದೆಲ್ಲ ನಗುವ ಮಾತು. ನಗಲಾಗದ್ದು ಬೇರೆಯೇ ಇತ್ತು. ಪೆನ್ಸಿಲಿನ ಮೊನೆ ಮುರಿದರೆ ಉಳಿದ ಮಕ್ಕಳು ಕೆತ್ತಿಕೊಳ್ಳುತ್ತಾರೆ. ಬುಗುರಿ ಮನೆಗೆ ಬೆಂಕಿ ಬಿದ್ದವರ ಹಾಗೆ ಅಳುತ್ತಾಳೆ. ಪುಸ್ತಕ ಹಾರುತ್ತದೆ, ಪೌಡರ್ ಡಬ್ಬಿ ಉರುಳುತ್ತದೆ. ಅಳುವಿನ ನಡುವೆ ತಾನು ಯಾಕೆ ಅಳಲು ಶುರು ಮಾಡಿದೆ ಅನ್ನುವುದೇ ಅವಳಿಗೆ ಮರೆತುಹೋಗಿರುತ್ತದೆ, ಆದರೆ ಅಳು ನಿಲ್ಲುವುದಿಲ್ಲ. ಆಮೇಲೆ ಬಿದ್ದ ಪೌಡರನ್ನು ತಾನೇ ಅಂಗೈಯಲ್ಲಿ ಬಳಿಯುತ್ತಾ ಕೂರುತ್ತಾಳೆ. ಆಗ ಅವಳ ಮುಖ ನೋಡಬಾರದು.

“ಎರಡು ಬಾರಿಸಿ, ಸರಿಹೋಗ್ತಾಳೆ” ಅಂದರು ಔಷಧಿ ಅಂಗಡಿಯವರು ಒಮ್ಮೆ. ಆವತ್ತು ಅವರು ನನ್ನ ಕುರ್ಚಿಯಲ್ಲಿದ್ದರು.

“ನಿಮ್ಮಪ್ಪ ನಿಮ್ಮನ್ನ ಹೊಡೀತಿದ್ರಾ ಸಾರ್?” ಅಂತ ಕೇಳಿದೆ.

“ಚೆನ್ನಾಗೇ ಹೊಡೀತಿದ್ರು.”

“ಆದ್ರೂ ಸುಮ್ನೆ ಕೂರೋದು ಕಲಿಸೋಕೆ ಆಗ್ಲಿಲ್ಲ ನೋಡಿ. ತಲೆ ಅಲ್ಲಾಡಿಸ್ಬೇಡಿ.”

ಆಮೇಲೆ ಅವರು ತುಂಬಾ ದಿನ ಮಲ್ಲನ ಕುರ್ಚಿಗೇ ಹೋದರು. ಹೋಗಲಿ ಬಿಡಿ. ಬಿಟ್ಟಿ ಬುದ್ಧಿಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ಶಾಲೆಯವರು ಹೇಳಿ ಹೇಳಿ, ಕೊನೆಗೆ ಗಂಡಹೆಂಡತಿ ಅವಳನ್ನು ಮಕ್ಕಳ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅದಕ್ಕೊಂದು ಹೆಸರಿದೆಯಂತೆ, ಎಡಿಎಚ್‌ಡಿ. ಮರುದಿನ ಮಲ್ಲ ನನಗೆ ಅದನ್ನು ಒಂದು ತಲೆ, ಎರಡು ಗಡ್ಡ ಮುಗಿಯುವವರೆಗೂ ವಿವರಿಸಿದ. ಸಂಜೆ ಅವನ ಹೆಂಡತಿ ಟವೆಲ್ ಮಡಚುತ್ತಾ ನಾಲ್ಕು ಮಾತಿನಲ್ಲಿ ಹೇಳಿದಳು. “ಅವಳು ಬೇಕಂತ ಮಾಡಲ್ಲ ಅಣ್ಣ. ಮನಸ್ಸು ಒಂದ್ಕಡೆ ನಿಲ್ಲಲ್ಲ. ಕೋಪ, ದುಃಖ ಎಲ್ಲಾ ನಮಗಿಂತ ಬೇಗ ಬರುತ್ತೆ, ನಮಗಿಂತ ಜೋರಾಗಿ ಬರುತ್ತೆ. ಆ ಹೊತ್ತಲ್ಲಿ ಬುದ್ಧಿ ಹೇಳಬಾರದಂತೆ, ನಗಿಸೋಕೂ ಹೋಗಬಾರದಂತೆ. ಹತ್ರ ಇರಬೇಕು, ಸುಮ್ನಿರಬೇಕು.”

“ಇದನ್ನ ನಿನ್ನ ಗಂಡ ಹೇಳ್ಲೇ ಇಲ್ವಲ್ಲ?”

“ಡಾಕ್ಟರ್ ಇದನ್ನ ಹೇಳೋವಾಗ ಅವರು ಡಾಕ್ಟರಿಗೆ ಏನೋ ಹೇಳ್ತಿದ್ರು” ಅಂದಳು.

ಒಂದು ಸಂಜೆ ಬುಗುರಿ ನುಗ್ಗಲಿಲ್ಲ. ನಡೆದುಕೊಂಡು ಬಂದಳು. ನಾನು ಆಗಲೇ ಏನೋ ಎಡವಟ್ಟಾಗಿದೆ ಅಂದುಕೊಂಡೆ. ಚೀಲವನ್ನು ಬೆಂಚಿನ ಮೇಲೆ ಎಸೆದಳು. ಅದು ಜಾರಿ ಬಿದ್ದು ಬಣ್ಣದ ಪೆನ್ಸಿಲುಗಳೆಲ್ಲ ನೆಲದ ಕೂದಲಲ್ಲಿ ಹರಡಿದವು. ಅಷ್ಟೇ ಸಾಕಾಯಿತು. ಕಾಲು ನೆಲಕ್ಕೆ ಬಡಿದು ಅಳಲು ಶುರು ಮಾಡಿದಳು. ಅಳುವಿನ ಮಧ್ಯೆ ಚೂರುಚೂರಾಗಿ ಬಂದ ಮಾತು ಜೋಡಿಸಿದರೆ ಇಷ್ಟು ತಿಳಿಯಿತು: ಜೊತೆಯ ಹುಡುಗಿಯರು ಗುಂಪಾಟ ಆಡುವಾಗ ಇವಳನ್ನು ಸೇರಿಸಿಕೊಳ್ಳಲಿಲ್ಲ. ‘ನೀನು ಎಲ್ಲಾ ಹಾಳು ಮಾಡ್ತೀಯ, ಬೇಡ’ ಅಂದರಂತೆ.

ಅಂಗಡಿ ತುಂಬಾ ಜನ. ಮಲ್ಲನಿಗೆ ಮಗಳ ಅಳು ನೋಡಲಾಗಲಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಅದನ್ನೇ ಮಾಡಿದ. ಅವಳನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ, ಗರ್ರನೆ ಕನ್ನಡಿಯ ಕಡೆ ತಿರುಗಿಸಿ, ಎರಡೂ ಕೈಯಲ್ಲಿ ತಲೆ ಹಿಡಿದು, “ಅಯ್ಯಯ್ಯೋ, ಯಾರಪ್ಪಾ ಇದು...” ಅಂತ ರಾಗ ತೆಗೆದ.

ಬುಗುರಿ ನೋಡಿದಳು. ಕೆಂಪು ಮುಖ, ಹಣೆಗೆ ಅಂಟಿದ ಕೂದಲು, ಸುರಿಯುವ ಮೂಗು. ಹಿಂದೆ ಬೆಂಚಿನ ಮೇಲೆ ಕೂತು ಬಾಯಿ ಬಿಟ್ಟುಕೊಂಡು ಇವಳನ್ನೇ ನೋಡುತ್ತಿದ್ದ ಜನ. ಎಲ್ಲವೂ ಒಂದೇ ಕನ್ನಡಿಯಲ್ಲಿ ಕಂಡವು. ಅವಳ ಅಳು ಕಡಿದ ಹಾಗೆ ನಿಂತಿತು. ಮಲ್ಲ ಗೆದ್ದೆ ಅಂದುಕೊಂಡ.

“ನಾನು ಕೆಟ್ಟೋಳು” ಅಂದಳು ಅವಳು, ಕನ್ನಡಿಗೆ. ಕೂಗಲಿಲ್ಲ. ಲೆಕ್ಕದ ಉತ್ತರ ಹೇಳಿದ ಹಾಗೆ ಹೇಳಿದಳು. “ಅದಕ್ಕೇ ಯಾರೂ ಸೇರಿಸ್ಕೊಳ್ಳಲ್ಲ.”

ನನ್ನ ಕತ್ತರಿ ನಿಂತುಹೋಯಿತು. ಒಂಬತ್ತು ವರ್ಷದ ಕೂಸು ಆಡುವ ಮಾತೇ ಅದು? ಮಲ್ಲ ಬಡಬಡಿಸಿದ. “ಛೆ ಛೆ, ಯಾರಮ್ಮ ಹಾಗಂದಿದ್ದು? ನನ್ನ ಬಂಗಾರ ನೀನು, ನನ್ನ ಜಾಣೆ, ಇಡೀ ಊರಲ್ಲಿ ನಿನ್ನಂಥ ಹುಡುಗಿ ಇಲ್ಲ, ನೋಡು ನಿನ್ನ ಕಣ್ಣು ಎಷ್ಟು ಚೆಂದ...” ಬುಗುರಿ ಎರಡು ಕಿವಿಗೂ ಬೆರಳು ತುರುಕಿಕೊಂಡಳು. ಇಳಿದು ಹೋಗಿ ಕನ್ನಡಿಗೆ ಬೆನ್ನು ಮಾಡಿ ಬೆಂಚಿನ ತುದಿಯಲ್ಲಿ ಕೂತಳು.

ಆವತ್ತಿನಿಂದ ಆ ಮಾತು ಅವಳಿಗೆ ಅಂಟಿಕೊಂಡುಬಿಟ್ಟಿತು. ಹೋಂವರ್ಕ್ ಮರೆತರೆ, “ನಾನು ಕೆಟ್ಟೋಳು.” ಹಾಲು ಚೆಲ್ಲಿದರೆ, “ಗೊತ್ತು, ನಾನು ಕೆಟ್ಟೋಳು.” ಯಾರೂ ಬೈಯದಿದ್ದರೂ ತಾನೇ ಹೇಳಿಕೊಂಡು ಮುಗಿಸುತ್ತಿದ್ದಳು. ಮಲ್ಲನಿಗೆ ಅನ್ನ ಇಳಿಯದಂತಾಯಿತು. ಅಂಗಡಿ, ಗಿರಾಕಿ, ಯಾವುದೂ ಬೇಡ, ಆ ಒಂದು ಮಾತು ಅವಳ ಮನಸ್ಸಿನಿಂದ ಹೋದರೆ ಸಾಕು ಅನ್ನುವ ಸ್ಥಿತಿಗೆ ಬಂದ. “ಅಣ್ಣ, ಅವಳು ಅದನ್ನ ನಂಬ್ಕೊಂಡೇ ಬೆಳೆದುಬಿಟ್ರೆ?” ಅಂತ ನನ್ನನ್ನು ಕೇಳಿದ. ನಾನು ಏನು ಹೇಳಲಿ. ಮದುವೆ ಮಕ್ಕಳು ಅಂತ ಯಾವುದನ್ನೂ ಕಟ್ಟಿಕೊಳ್ಳದ ಒಂಟಿ ಮನುಷ್ಯ ನಾನು. ಆದರೂ ಆ ಪ್ರಶ್ನೆ ನನ್ನನ್ನೂ ಬಿಡಲಿಲ್ಲ.

ಮೊದಲು ಅವನು ಕನ್ನಡಿ ಮುಚ್ಚಿದ. ಹೌದು, ಸಲೂನಿನ ಕನ್ನಡಿ! ಬೆಂಚಿಗೆ ಎದುರಾಗಿದ್ದ ಕನ್ನಡಿಯ ಮೇಲೆ, ಗಿರಾಕಿಗೆ ಹೊದಿಸುವ ಬಟ್ಟೆಯನ್ನು ಇಳಿಬಿಟ್ಟ. ಬಂದವರೆಲ್ಲ, “ಏನ್ ಮಲ್ಲ, ಒಡೆದು ಹೋಯ್ತಾ?” ಅಂತ ಕೇಳುವವರೇ. ಎರಡು ದಿನ ನೋಡಿದ ಹೆಂಡತಿ ಮೂರನೆಯ ದಿನ ಬಂದವಳೇ ಬಟ್ಟೆ ಎಳೆದು ತೆಗೆದಳು. “ಕನ್ನಡಿ ಮುಚ್ಚಿದ್ರೆ ಅವಳ ಮನಸ್ಸಲ್ಲಿರೋದು ಮುಚ್ಚಿಹೋಗುತ್ತಾ?” ಅಂದಳು. ಮಲ್ಲ ಉತ್ತರ ಕೊಡಲು ಶುರು ಮಾಡಿದ. ಅವಳು ಬಟ್ಟೆ ಮಡಚಿಟ್ಟು ಮೆಟ್ಟಿಲು ಹತ್ತಿ ಹೋದಳು.

ಆಮೇಲೆ ಹೊಗಳಿಕೆಯ ಸುರಿಮಳೆ. ಚಪ್ಪಲಿ ಸರಿಯಾಗಿ ಬಿಟ್ಟರೆ ಶಹಬ್ಬಾಸ್, ನೀರು ಕುಡಿದರೆ ಶಹಬ್ಬಾಸ್. “ನನ್ನ ಮಗಳಂಥ ಒಳ್ಳೇ ಮಗಳು ಉಂಟಾ?” ಅಂತ ಬಂದ ಗಿರಾಕಿಗಳಿಂದಲೂ ಹೂಂ ಅನ್ನಿಸುತ್ತಿದ್ದ. ಬುಗುರಿ ಕೇಳಿಸಿಕೊಂಡಳು, ಕೇಳಿಸಿಕೊಂಡಳು. ಒಂದು ದಿನ ಔಷಧಿ ಅಂಗಡಿಯವರು ಎದ್ದು ಹೋದ ಮೇಲೆ ಪೆನ್ಸಿಲ್ ಕಚ್ಚುತ್ತಾ ಅಂದಳು.

“ಅಪ್ಪಾ, ನೀನು ಅವ್ರಿಗೂ ಕೂದಲು ದಟ್ಟ ಆಗಿದೆ ಅಂದ್ಯಲ್ಲ.”

“ಹೂಂ, ಅಂದೆ. ಅವ್ರಿಗೆ ಖುಷಿ ಆಗ್ಲಿ ಅಂತ.”

“ನಂಗೂ ಹಾಗೇ ಹೇಳ್ತೀಯ ಅಷ್ಟೇ.”

ಮಲ್ಲನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಇಷ್ಟು ವರ್ಷದಲ್ಲಿ ಅವನಿಗೆ ಮಾತು ಸಿಗದೇ ಹೋದದ್ದನ್ನು ನಾನು ಮೊದಲ ಸಲ ಕಂಡೆ. ನೀವೇ ಯೋಚಿಸಿ. ಹುಟ್ಟಿದಾಗಿನಿಂದ ಆ ಹುಡುಗಿ ಈ ಅಂಗಡಿಯ ಬೆಂಚಿನ ಮೇಲೇ ಬೆಳೆದವಳು. ಅಪ್ಪ ಯಾರಿಗೆ ಏನು ಹೇಳುತ್ತಾನೆ, ಅದರಲ್ಲಿ ಎಷ್ಟು ಹುರುಳು ಅಂತ ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಊರೆಲ್ಲ ಹಂಚಿದ ಮಾತನ್ನೇ ಮಗಳ ಕೈಯಲ್ಲೂ ಇಟ್ಟರೆ ಅವಳು ತೆಗೆದುಕೊಂಡಾಳೆಯೇ? ತೂತು ಒಲೆ ಕೆಡಿಸಿತು, ಮಾತು ಮನೆ ಕೆಡಿಸಿತು ಅಂತ ಹಿರಿಯರು ಸುಮ್ಮನೆ ಅಂದಿಲ್ಲ. ಆದರೆ ಅವರೂ ಜಗಳದ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಅಂದಿರಬೇಕು, ಸಿಹಿ ಮಾತನ್ನಲ್ಲ.

ಆ ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಂಡಹೆಂಡತಿ ಮಾತಾಡಿಕೊಂಡದ್ದು ನನಗೆ ಕೇಳಿಸಿತು. ನಡುವೆ ಇರುವುದು ಒಂದು ಪರದೆ, ಕಿವಿ ಮುಚ್ಚಿಕೊಳ್ಳಲು ನಾನೇನು ಸಂನ್ಯಾಸಿಯಲ್ಲ.

“ಅವಳು ಅತ್ರೆ ನಿಮಗೆ ತಡೆಯೋಕಾಗಲ್ಲ” ಅನ್ನುತ್ತಿದ್ದಳು ಹೆಂಡತಿ. “ಅದಕ್ಕೇ ನಗಿಸೋಕೆ ಹೋಗ್ತೀರಿ. ಅವಳಿಗೋಸ್ಕರ ಅಲ್ಲ, ನಿಮಗೋಸ್ಕರ.”

“ಹಾಗಾದ್ರೆ ಏನು, ಮಗು ಅಳ್ತಿದ್ರೆ ಕಲ್ಲಿನ ಹಾಗೆ ಕೂತ್ಕೊಳ್ಳಲಾ?”

“ಕಲ್ಲಿನ ಹಾಗಲ್ಲ. ಅಪ್ಪನ ಹಾಗೆ ಕೂತ್ಕೊಳ್ಳಿ. ಬಾಯಿ ಮಾತ್ರ ಮುಚ್ಕೊಳ್ಳಿ.”

ಹೇಳುವುದೇನೋ ಸುಲಭ. ಮಲ್ಲನಿಗೆ ಬಾಯಿ ಮುಚ್ಚು ಅಂದರೆ ಮೀನಿಗೆ ನೀರು ಬಿಟ್ಟು ಬಾ ಅಂದ ಹಾಗೆ. ಮರುದಿನ ನನ್ನ ಹತ್ತಿರ ಬಂದು, “ಅಣ್ಣ, ನೀನು ಇಡೀ ದಿನ ಸುಮ್ನಿರ್ತೀಯಲ್ಲ, ಒಳಗೆ ಏನು ಮಾಡ್ತಿರ್ತೀಯ?” ಅಂತ ಕೇಳಿದ. ನನಗೆ ನಗು, ಸಿಟ್ಟು ಎರಡೂ ಬಂದವು. “ಏನೂ ಮಾಡಲ್ಲ. ಎದುರಿಗಿರೋ ತಲೆ ನೋಡ್ತೀನಿ” ಅಂದೆ. ಅವನು ಅದನ್ನು ಗಂಭೀರವಾಗಿ ತೆಗೆದುಕೊಂಡು ಹೋದ.

ಮೊದಲ ಪರೀಕ್ಷೆ ಬಂದದ್ದು ಒಂದು ರಬ್ಬರಿನಿಂದ. ಕಾಪಿ ಬರೆಯುತ್ತಿದ್ದ ಬುಗುರಿ ತಪ್ಪು ಅಳಿಸಲು ಹೋದಳು, ಹಾಳೆ ಹರಿಯಿತು. ಪುಸ್ತಕ ಗೋಡೆಗೆ ಹೋಯಿತು. ಅವಳು ಅಳುತ್ತಾ ಕನ್ನಡಿಯ ಕೆಳಗಿನ ಕಟ್ಟೆಯ ಅಡಿಗೆ, ಟವೆಲ್ ಬುಟ್ಟಿಯ ಪಕ್ಕಕ್ಕೆ ತೆವಳಿಕೊಂಡು ಹೋದಳು. ಮಲ್ಲನ ಕುರ್ಚಿಯಲ್ಲಿ ಔಷಧಿ ಅಂಗಡಿಯವರು, ಅರ್ಧ ಕೆನ್ನೆಗೆ ನೊರೆ. ಮಲ್ಲ ಕತ್ತಿ ಕೆಳಗಿಟ್ಟ. ಬಾಯಿ ತೆರೆದ, ಮುಚ್ಚಿದ. ಮತ್ತೆ ತೆರೆದ. ನಾನು ಕನ್ನಡಿಯಲ್ಲೇ ಅವನನ್ನು ದುರುಗುಟ್ಟಿ ನೋಡಿದೆ. ಅವನು ತುಟಿ ಕಚ್ಚಿಕೊಂಡು, ಕೂದಲು ಬಿದ್ದ ನೆಲದ ಮೇಲೆ ಕಟ್ಟೆಗೆ ಒರಗಿ ಕೂತುಬಿಟ್ಟ. ಕೈಯನ್ನು ಅವಳ ಕಡೆ ಚಾಚಿ ನೆಲದ ಮೇಲಿಟ್ಟ. ಮುಟ್ಟಲಿಲ್ಲ.

“ಏನ್ರಿ ಇದು, ನನ್ನ ಗಡ್ಡ?” ಅಂದರು ಔಷಧಿ ಅಂಗಡಿಯವರು.

“ಗಡ್ಡ ಎಲ್ಲೂ ಓಡಿಹೋಗಲ್ಲ ಸಾರ್, ಕೂತ್ಕೊಳ್ಳಿ” ಅಂದೆ ನಾನು.

ಕೆನ್ನೆಯ ನೊರೆ ಒಣಗಿತು. ಕಟ್ಟೆಯ ಕೆಳಗಿನ ಅಳು ದೊಡ್ಡದಾಯಿತು, ಸಣ್ಣದಾಯಿತು, ಬಿಕ್ಕಾಯಿತು. ಮಲ್ಲನ ಹಣೆಯಲ್ಲಿ ಬೆವರು. ಗಂಟಲಲ್ಲಿ ಬಿಸಿ ತುಪ್ಪ ಸಿಕ್ಕವನ ಹಾಗೆ ಮಾತನ್ನು ಉಗುಳಲೂ ಆಗದೆ ನುಂಗಲೂ ಆಗದೆ ಒದ್ದಾಡುತ್ತಿದ್ದ. ಕೊನೆಗೆ ಸಣ್ಣ ಬೆರಳೊಂದು ಬಂದು ಅವನ ಬೆರಳನ್ನು ಹಿಡಿಯಿತು. “ಬಿಸ್ಕತ್ತು ಇದೆಯಾ?” ಅಂತ ಒಳಗಿನಿಂದ ದನಿ ಬಂತು. ಮಲ್ಲ ತಲೆಯಾಡಿಸಿದ. ಅವನ ಕಣ್ಣು ತುಂಬಿತ್ತು.

ಇದಾದ ಮೇಲೆ ಎಲ್ಲ ಸರಿಹೋಯಿತು ಅಂದುಕೊಂಡಿರಾ? ಎಲ್ಲಿಯ ಮಾತು. ಮರುದಿನವೇ ಅವನು ಮತ್ತೆ ಮಾತಿಗೆ ಬಿದ್ದ, ಅವಳು ಮತ್ತೆ ಕಿವಿ ಮುಚ್ಚಿಕೊಂಡಳು. ಹುಟ್ಟುಗುಣ ಅಷ್ಟು ಸುಲಭಕ್ಕೆ ಹೋಗುತ್ತದೆಯೇ. ಎರಡು ದಿನ ಸುಮ್ಮನಿರುವುದು, ಮೂರನೆಯ ದಿನ ಜಾರುವುದು. ಆದರೂ ನಿಧಾನಕ್ಕೆ ಬಿರುಗಾಳಿಯ ಹೊತ್ತು ಕಡಿಮೆಯಾಗುತ್ತಾ ಬಂತು. ಅಳು ಬಂದಾಗ ಬುಗುರಿ ತಾನೇ ಹಿಂದಿನ ಕೋಣೆಗೆ ಓಡುತ್ತಿದ್ದಳು, ಮಲ್ಲ ಹೋಗಿ ಪಕ್ಕದಲ್ಲಿ ಕೂರುತ್ತಿದ್ದ. ತಾಯಿ ಕಾರ್ಖಾನೆಯಿಂದ ಬಟ್ಟೆಯ ತುಂಡು ತಂದುಕೊಟ್ಟಿದ್ದಳು, ಅದರ ಎಳೆ ಬಿಡಿಸುತ್ತಾ ಕೂತರೆ ಅವಳ ಕೈಗೆ ಸಮಾಧಾನ. ಇಷ್ಟೆಲ್ಲ ಆದರೂ ಆ ಒಂದು ಮಾತು ಮಾತ್ರ ಜಗ್ಗಲಿಲ್ಲ. ಅಳು ಇಳಿದ ಮೇಲೆ ಮೂಗು ಒರೆಸಿಕೊಂಡು, “ನಾನು ಕೆಟ್ಟೋಳು ಅಲ್ವಾ, ಏನ್ ಮಾಡೋದು” ಅನ್ನುತ್ತಿದ್ದಳು, ಕಾಲು ಮುರಿದವರು ಕುಂಟುವುದಕ್ಕೆ ಒಗ್ಗಿಕೊಂಡ ಹಾಗೆ. ಮಲ್ಲ ಅದಕ್ಕೆ ಏನೂ ಹೇಳುತ್ತಿರಲಿಲ್ಲ. ಹೇಳಿದರೆ ನಂಬುವುದಿಲ್ಲ ಅಂತ ಅವನಿಗೆ ಗೊತ್ತಾಗಿತ್ತು. ಅದೇ ಅವನನ್ನು ಒಳಗಿಂದೊಳಗೆ ತಿನ್ನುತ್ತಿತ್ತು.

ಒಂದು ಭಾನುವಾರ. ಬೆಳಿಗ್ಗೆಯಿಂದ ಉಸಿರಾಡಲು ಪುರುಸೊತ್ತಿಲ್ಲ. ಬೆಂಚು ಭರ್ತಿ, ಹೊರಗೆ ಇಬ್ಬರು ನಿಂತಿದ್ದಾರೆ. ತಾಯಿಗೆ ಕಾರ್ಖಾನೆಯಲ್ಲಿ ಹೆಚ್ಚಿನ ಪಾಳಿ, ಹಾಗಾಗಿ ಬುಗುರಿ ಅಂಗಡಿಯಲ್ಲೇ. ಮಲ್ಲನಿಗೆ ಹಿಂದಿನ ದಿನದಿಂದ ತಲೆನೋವು. ಕುರ್ಚಿಯಲ್ಲಿ ಔಷಧಿ ಅಂಗಡಿಯವರು. ಕತ್ತಿ ಕಿವಿಯ ಪಕ್ಕದಲ್ಲಿದೆ. ಬುಗುರಿಗೆ ಅದೇ ಹೊತ್ತಿನಲ್ಲಿ ಹೊರಗೆ ಬೀದಿಯಲ್ಲಿ ಏನೋ ಕಂಡಿತು, ನಾಯಿಮರಿ ಅಂತ ಆಮೇಲೆ ತಿಳಿಯಿತು. “ಅಪ್ಪಾ ನೋಡೂ!” ಅಂತ ಬೆಂಚಿನಿಂದ ಹಾರಿ ಅವನ ಮೊಣಕೈ ಹಿಡಿದು ಎಳೆದಳು.

“ಅಯ್ಯೋ!” ಅಂದರು ಔಷಧಿ ಅಂಗಡಿಯವರು. ಕಿವಿಯ ತುದಿಯಲ್ಲಿ ರಕ್ತ. ಗಾಯ ದೊಡ್ಡದಲ್ಲ, ಆದರೆ ಕಿವಿಯ ರಕ್ತ ಬೇಗ ನಿಲ್ಲದು, ಬಿಳಿ ಬಟ್ಟೆಯ ಮೇಲೆ ತೊಟ್ಟಿಕ್ಕಿದರೆ ನೋಡುವವರಿಗೆ ಕೊಲೆಯೇ ಆದ ಹಾಗೆ ಕಾಣುತ್ತದೆ.

ಮಲ್ಲ ತಿರುಗಿದ. “ಒಂದು ಕ್ಷಣ ಸುಮ್ನಿರೋಕಾಗಲ್ವೇನೇ ನಿಂಗೆ? ಒಂದೇ ಒಂದು ಕ್ಷಣ! ಸಾಕಾಗಿ ಹೋಯ್ತು ನಿನ್ನ ಕಾಟ!”

ಇಡೀ ಅಂಗಡಿ ನಡುಗಿತು. ಆ ಗಂಟಲಿನಲ್ಲಿ ಅಷ್ಟು ದೊಡ್ಡ ದನಿ ಇದೆ ಅಂತ ನನಗೂ ಗೊತ್ತಿರಲಿಲ್ಲ. ಬುಗುರಿ ನಿಂತಲ್ಲೇ ನಿಂತಳು. ಅಳಲೂ ಇಲ್ಲ. ಮಲ್ಲ ಅವಳ ಮುಖ ನೋಡಿದ. ಆಡಿದ ಮಾತು ಅವನಿಗೆ ಆಗ ಕೇಳಿಸಿತು ಅನ್ನಿಸುತ್ತದೆ. ಅವನ ಮುಖ ಬಿಳುಚಿಕೊಂಡಿತು. ಕತ್ತಿಯನ್ನು ನನ್ನ ಕೈಗೆ ಕೊಟ್ಟು, ಪರದೆ ಸರಿಸಿಕೊಂಡು ಹಿಂದಿನ ಕೋಣೆಗೆ ಹೋಗಿಬಿಟ್ಟ.

ನಾನು ಔಷಧಿ ಅಂಗಡಿಯವರ ಕಿವಿಗೆ ಹತ್ತಿ ಒತ್ತಿ ಹಿಡಿದೆ. “ನಾನು ಆವತ್ತೇ ಹೇಳಿದ್ದೆ, ಎರಡು ಬಾರಿಸಿ ಅಂತ...” ಅಂದರು. “ಇನ್ನೊಂದು ಕಿವಿನೂ ನನ್ನ ಕೈಯಲ್ಲೇ ಇದೆ ಸಾರ್” ಅಂದೆ.

ಬುಗುರಿ ಪರದೆಯ ಕಡೆ ನೋಡುತ್ತಾ ನಿಂತಿದ್ದಳು. ಈಗ ಓಡುತ್ತಾಳೆ, ಬೀದಿಗೆ ಓಡುತ್ತಾಳೆ, ಹಿಡಿಯಬೇಕು ಅಂತ ನಾನು ಒಂದು ಕಾಲು ಮುಂದಿಟ್ಟೇ ನಿಂತಿದ್ದೆ. ಅವಳು ಒಳಗೆ ಹೋದಳು.

ಪರದೆ ಪೂರ್ತಿ ಮುಚ್ಚಿಕೊಂಡಿರಲಿಲ್ಲ. ಟವೆಲ್ ಒಗೆಯುವ ಮಷೀನಿನ ಪಕ್ಕ ಮಲ್ಲ ಬಕೆಟ್ ಬೋರಲು ಹಾಕಿ ತಲೆ ಹಿಡಿದುಕೊಂಡು ಕೂತಿದ್ದ. ಬುಗುರಿ ಹೋಗಿ ನೆಲದ ಮೇಲೆ ಅವನ ಕಾಲಿಗೆ ಅಂಟಿಕೊಂಡು ಕೂತಳು. ಏನೂ ಹೇಳಲಿಲ್ಲ. ಅವಳ ಬೆರಳು ಒಂದೇ ಸಮನೆ ಟವೆಲಿನ ಎಳೆ ಎಳೆಯುತ್ತಿತ್ತು, ಕಾಲು ಕುಣಿಯುತ್ತಿತ್ತು, ಮೈಯೆಲ್ಲ ಚಡಪಡಿಸುತ್ತಿತ್ತು. ಆದರೆ ಬಾಯಿ ತೆರೆಯಲಿಲ್ಲ. ಹತ್ತಿರ ಇದ್ದಳು, ಸುಮ್ಮನಿದ್ದಳು. ಅದು ಅವಳಿಗೆ ಎಷ್ಟು ಕಷ್ಟವಾಗಿರಬೇಕು!

ತುಂಬಾ ಹೊತ್ತಿನ ಮೇಲೆ ಮಲ್ಲ ಅಂದ. “ನಾನು ಕೆಟ್ಟ ಅಪ್ಪ.”

“ಅಲ್ಲ!” ಬುಗುರಿ ಛಂಗನೆ ಎದ್ದು ನಿಂತಳು. ಇಷ್ಟು ಹೊತ್ತು ತಡೆದದ್ದೆಲ್ಲ ಒಮ್ಮೆಲೇ ಹೊರಬಂತು. “ಯಾರ್ ಹೇಳಿದ್ದು ಹಾಗಂತ? ನೀನು ಕೂಗಿದ್ದು ಕೆಟ್ಟದ್ದು. ತುಂಬಾ ಕೆಟ್ಟದ್ದು. ನಂಗೆ ಹೊಟ್ಟೆ ಒಳಗೆಲ್ಲಾ ನೋವಾಯ್ತು. ಆದ್ರೆ ನೀನು ಕೆಟ್ಟೋನಲ್ಲ! ಕೂಗಿದ್ದು ಬೇರೆ, ನೀನು ಬೇರೆ. ಇಷ್ಟು ದೊಡ್ಡೋನಾಗಿದೀಯ, ಅಷ್ಟೂ ಗೊತ್ತಾಗಲ್ವಾ ನಿಂಗೆ?”

ಹೇಳಿ ಮುಗಿಸಿದವಳು ಥಟ್ಟನೆ ನಿಂತಳು. ಕುಣಿಯುತ್ತಿದ್ದ ಕಾಲು ಕೂಡ ನಿಂತಿತು. ತನ್ನ ಬಾಯಿಂದ ಬಂದದ್ದನ್ನು ತಾನೇ ತಿರುಗಿಸಿ ನೋಡುತ್ತಿದ್ದಾಳೆ ಅಂತ ನನಗೆ ಹೊಳೆಯಿತು.

ಮಲ್ಲನಿಗೂ ಹೊಳೆಯಿತು. ಅವನು ತಲೆ ಎತ್ತಿದ. ಬಾಯಿ ತೆರೆದ. ಅವನ ನಾಲಿಗೆಯ ಮೇಲೆ ಏನಿತ್ತು ಅಂತ ನನಗೆ ಗೊತ್ತು, ಎಂಥ ಪೆದ್ದನಿಗೂ ಗೊತ್ತಾಗುತ್ತದೆ. ಬೇರೆ ಯಾವ ದಿನವಾಗಿದ್ದರೂ ಅದನ್ನು ಹಿಡಿದುಕೊಂಡು ಹತ್ತು ವಾಕ್ಯ ನೇಯುತ್ತಿದ್ದ. ಹೊರಗೆ ನಿಂತ ನನ್ನ ಜೀವ ಬಾಯಿಗೆ ಬಂದಿತ್ತು. ಬೇಡ ಮಲ್ಲ, ದಮ್ಮಯ್ಯ, ಈ ಸಲ ಬೇಡ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

ಅವನು ಬಾಯಿ ಮುಚ್ಚಿದ. ಕಾದ. ಎದುರಿಗಿರುವ ಅವಳ ತಲೆಯನ್ನು ನೋಡುತ್ತಾ ಕೂತ.

ಬುಗುರಿ ಟವೆಲಿನಿಂದ ಇನ್ನೊಂದು ಎಳೆ ಎಳೆದಳು. ಅದನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಎಲ್ಲೋ ನೋಡುತ್ತಾ, ತೀರಾ ಸಣ್ಣ ದನಿಯಲ್ಲಿ ಕೇಳಿದಳು.

“ನಾನೂ ಹಾಗೇನಾ?”

“ಹೂಂ” ಅಂದ ಮಲ್ಲ.

ಅವಳು ಅವನ ಮುಖವನ್ನು ಹುಡುಕಿ ಹುಡುಕಿ ನೋಡಿದಳು, ಗಿರಾಕಿಗೆ ತೋರಿಸುವ ಮುಖ ಅದರಲ್ಲಿ ಎಲ್ಲಾದರೂ ಇದೆಯೇ ಅಂತ. ಅದು ಇರಲಿಲ್ಲ. ಕೆಂಪು ಕಣ್ಣು, ಸುರಿಯುವ ಮೂಗು, ಅಷ್ಟೇ ಇತ್ತು.

“ಸರಿ” ಅಂದಳು. ಅಂದು, ಟವೆಲಿನ ಒಂದು ತುದಿಯಿಂದ ತನ್ನ ಮೂಗು ಒರೆಸಿಕೊಂಡು, ಇನ್ನೊಂದು ತುದಿಯನ್ನು ಅವನ ಕೈಗೆ ಕೊಟ್ಟಳು.

ನಾನು ಪರದೆ ಎಳೆದು ಮುಚ್ಚಿದೆ. ಎರಡು ಕುರ್ಚಿಯ ಗಿರಾಕಿಗಳು, ಬೆಂಚಿನ ಜನ, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. “ಏನಾಯ್ತ್ರೀ ಒಳಗೆ?” ಅಂದರು ಔಷಧಿ ಅಂಗಡಿಯವರು, ಕಿವಿಯ ಹತ್ತಿ ಹಿಡಿದುಕೊಂಡು. ಕತ್ತಿ ತೊಳೆದು, ಅವರ ಉಳಿದ ಗಡ್ಡಕ್ಕೆ ಹೊಸದಾಗಿ ನೊರೆ ಹಚ್ಚಿದೆ.